ಪ್ರೋಟೀನ್ ಪುಡಿಯ ಎರಡು ಡಬ್ಬಿಯಲ್ಲೂ 24 ಗ್ರಾಂ ಪ್ರೋಟೀನ್ ಅಂತಿದ್ದರೆ ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಆ 24 ಗ್ರಾಂ ಬರೀ ಪ್ರಮಾಣ. ಸಾಮಾನ್ಯವಾಗಿ ಲ್ಯಾಬಿನಲ್ಲಿ ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತಾರೆ. ನೈಟ್ರೋಜನ್ ಇರುವ ಅಗ್ಗದ ಗ್ಲೈಸಿನ್ (ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಬಿಡಿ ತುಣುಕು) ಬೆರೆಸಿದರೂ ಈ ಲೆಕ್ಕ ಏರುತ್ತದೆ. ನನ್ನ ಪ್ರಕಾರ ಅದು ಮೋಸವೇ.

ಗುಣಮಟ್ಟಕ್ಕೆ ಪಿಡಿಸಿಎಎಎಸ್ ಎಂಬ ಅಂಕವಿದೆ. ನಮ್ಮ ದೇಹ ತಾನೇ ಮಾಡಿಕೊಳ್ಳಲಾಗದ 9 ಅಮೈನೋ ಆಮ್ಲಗಳಲ್ಲಿ, ಅಗತ್ಯಕ್ಕೆ ಹೋಲಿಸಿದರೆ ಯಾವುದು ಅತಿ ಕಮ್ಮಿಯೋ ಅದನ್ನು ಹಿಡಿದು, ಪ್ರೋಟೀನ್ ಎಷ್ಟು ಜೀರ್ಣವಾಗುತ್ತದೆ ಎಂಬುದರಿಂದ ಗುಣಿಸುತ್ತಾರೆ. 1ಕ್ಕಿಂತ ಜಾಸ್ತಿ ಬಂದರೂ 1 ಅಂತಲೇ ಬರೆಯುತ್ತಾರೆ. ಹಾಲಿನ ವೇ ಪ್ರೋಟೀನ್ 1 ಮುಟ್ಟುತ್ತದೆ. ಗೋಧಿ ಸುಮಾರು 0.4, ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಮ್ಮಿ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒ ಸೂಚಿಸಿದ ಡಿಐಎಎಎಸ್ ಎಂಬ ಅಂಕ ಇನ್ನೂ ನಿಖರ. ಸಣ್ಣ ಕರುಳು ಮುಗಿಯುವಷ್ಟರಲ್ಲಿ ಒಂದೊಂದು ಅಮೈನೋ ಆಮ್ಲ ಎಷ್ಟು ಹೀರಿಕೆಯಾಯಿತು ಅಂತ ಅದು ನೋಡುತ್ತದೆ.

ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ತಟ್ಟೆಗೆ ಬೀಳುವ ಬಿಸಿ ಇಡ್ಲಿ ಸಾಂಬಾರ್ ನೋಡಿ. ಅಕ್ಕಿಯಲ್ಲಿ ಲೈಸಿನ್ ಕಮ್ಮಿ, ಅದನ್ನು ಉದ್ದು, ತೊಗರಿಬೇಳೆ ತುಂಬುತ್ತವೆ. ಬೇಳೆಯಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಅಕ್ಕಿಯಿಂದ ಬರುತ್ತದೆ. ಹಾಗಾಗಿ ಗಿಡಮೂಲದ ಪುಡಿಯಾದರೆ ಬಟಾಣಿ, ಅಕ್ಕಿ ಎರಡೂ ಸೇರಿದ್ದು ಒಳ್ಳೆಯದು.

ಡಬ್ಬಿ ತಿರುಗಿಸಿ ಅಮೈನೋ ಆಮ್ಲಗಳ ಪಟ್ಟಿ ಹುಡುಕಿ. ಸಾಮಗ್ರಿಗಳಲ್ಲಿ ಗ್ಲೈಸಿನ್, ಟಾರಿನ್ (ಇದೂ ನೈಟ್ರೋಜನ್ ಲೆಕ್ಕ ಏರಿಸುವ ವಸ್ತು) ಬೇರೆಯಾಗಿ ಸೇರಿಸಿದ್ದು ಕಂಡರೆ ಸುಮ್ನೆ ವಾಪಸ್ ಇಡಿ.