ಮನಸ್ಸು ಗಟ್ಟಿಯಾಗಲಿ ಅಂತ ಕಾಯಬೇಡಿ

ಒಬ್ಬಳೇ ಬಾಡಿಗೆ ರೂಮಲ್ಲಿದ್ದೀನಿ, ಕೆಲಸದಿಂದ ಬಂದು ಮಲಗಿದರೆ ಏಳೋಕಾಗಲ್ಲ, ಊಟ ಸ್ನಾನ ಎಲ್ಲ ತಪ್ಪಿದೆ, ಮೊದಲು ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಆ ಹಾಸಿಗೆ ನನಗೂ ಗೊತ್ತು. ಅದಕ್ಕೇ ನೇರವಾಗಿ ಹೇಳ್ತೀನಿ: ಮನಸ್ಸು ಗಟ್ಟಿ ಮಾಡ್ಕೊಳ್ಳೋ ಯೋಚನೆಯನ್ನೇ ಬಿಡಿ. ಹುಮ್ಮಸ್ಸು ಬಂದಮೇಲೆ ಕೆಲಸ ಅನ್ನೋದು ಚೆನ್ನಾಗಿರೋರ ಲೆಕ್ಕ. ಕುಗ್ಗಿದಾಗ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ. ಖಿನ್ನತೆಗೆ ಕೊಡೋ ಬಿಹೇವಿಯರಲ್ ಆಕ್ಟಿವೇಷನ್ (ಸಣ್ಣ ಕೆಲಸಗಳಿಂದ ಮನಸ್ಸನ್ನ ಎಬ್ಬಿಸೋದು) ಅನ್ನೋ ಚಿಕಿತ್ಸೆ ನಿಂತಿರೋದೇ ಇದರ ಮೇಲೆ. ಅದರ ಬೇರು 1970ರ ದಶಕದ್ದು. ಮಲಗಿದಷ್ಟೂ ಸಣ್ಣಪುಟ್ಟ ಖುಷಿಗಳು ತಪ್ಪಿಹೋಗ್ತವೆ, ಅದಕ್ಕೆ ಇನ್ನಷ್ಟು ಕುಗ್ತೀವಿ, ಮತ್ತೆ ಮಲಗ್ತೀವಿ.

ಊಟದಿಂದ ಶುರು ಮಾಡಿ. ಕುಕ್ಕರಿಗೆ ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಮೂರೂವರೆ ಲೋಟ ನೀರು, ಉಪ್ಪು, ಚಿಟಿಕೆ ಅರಿಶಿನ. ನಾಲ್ಕು ಸೀಟಿ. ತುಪ್ಪ, ಉಪ್ಪಿನಕಾಯಿ ಹಾಕ್ಕೊಂಡರೆ ಎರಡು ಹೊತ್ತಿಗಾಗುತ್ತೆ. ಹೆಚ್ಚೋದು, ಒಗ್ಗರಣೆ ಯಾವುದೂ ಬೇಡ; ಸಿಂಕಲ್ಲಿ ಪಾತ್ರೆ ರಾಶಿ ಬಿದ್ದರೆ ನಾಳೆಯ ಅಡುಗೆ ಅಲ್ಲೇ ನಿಲ್ಲುತ್ತೆ. ಕುಕ್ಕರ್ ಇಡೋಕೂ ಆಗದ ದಿನ ಅವಲಕ್ಕಿ ನೆನೆಸಿ ಮೊಸರು ಕಲಸಿ ತಿನ್ನಿ.

ಇನ್ನು ಎಲ್ಲರನ್ನೂ ಮತ್ತೆ ಹಾಸಿಗೆಗೆ ತಳ್ಳೋ ತಪ್ಪು. ಅದು ಆಗೋದು ಕೆಟ್ಟ ದಿನ ಅಲ್ಲ, ಮೊದಲನೇ ಒಳ್ಳೇ ದಿನ. ಒಂದು ಭಾನುವಾರ ಸ್ವಲ್ಪ ಹಗುರ ಅನ್ಸುತ್ತೆ. ಕೂಡಲೇ ಬಾಕಿ ಬಿದ್ದ ಬಟ್ಟೆಯೆಲ್ಲ ಒಗೆದು, ರೂಮು ತೊಳೆದು, ತೆಗೀದೆ ಬಿಟ್ಟ ಫೋನೆಲ್ಲ ತಿರುಗಿ ಮಾಡಿ, ನಾಳೆಯಿಂದ ಐದಕ್ಕೇ ಎದ್ದು ಓಡ್ತೀನಿ ಅಂತ ನಿರ್ಧಾರ ಮಾಡ್ತೀವಿ. ಸೋಮವಾರ ಮೈ ಏಳಲ್ಲ. "ನನ್ನ ಕೈಲಾಗಲ್ಲ" ಅನ್ನೋದು ಆಗ ಸಾಬೀತಾದ ಹಾಗೆ ಕಾಣುತ್ತೆ. ಸೋತಿದ್ದು ನೀವಲ್ಲ ರೀ, ಒಂದೇ ಸಲಕ್ಕೆ ಹೊತ್ಕೊಂಡ ಕೆಲಸ ಜಾಸ್ತಿ ಆಯ್ತು ಅಷ್ಟೇ. ಅದಕ್ಕೇ ರಾತ್ರಿ ಮಲಗೋ ಮುಂಚೆ ಚೀಟಿಯಲ್ಲಿ ಮೂರೇ ಕೆಲಸ, ಗಂಟೆ ಸಮೇತ ಬರೀರಿ: ಬೆಳಗ್ಗೆ 7:30ಕ್ಕೆ ಸ್ನಾನ, ಸಂಜೆ 7:00ಕ್ಕೆ ಬೀದಿ ಕೊನೆವರೆಗೆ ನಡಿಗೆ, ರಾತ್ರಿ 8:00ಕ್ಕೆ ಕುಕ್ಕರ್. ಒಂದೊಂದೂ ಹತ್ತು ಹದಿನೈದು ನಿಮಿಷದ್ದು. "ಮನೆ ಕ್ಲೀನ್" ಅಂತ ಬರೀಬೇಡಿ, "ಟೇಬಲ್ ಮೇಲಿನ ಲೋಟ ತೊಳೆಯೋದು" ಅಂತ ಬರೀರಿ. ಒಳ್ಳೇ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಒಂದು ವಾರ ಸಲೀಸಾಗಿ ನಡೆದರೆ ಮಾತ್ರ ನಡಿಗೆಗೆ ಐದು ನಿಮಿಷ ಸೇರಿಸಿ. ಪ್ರತಿ ಕೆಲಸದ ಮುಂಚೆ, ಆಮೇಲೆ ಮನಸ್ಸು ಹೇಗಿತ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ. 2 ಇದ್ದದ್ದು 3 ಆದರೂ ಬರೀರಿ. ಕುಗ್ಗಿದ ಮನಸ್ಸಿಗೆ ನೆನಪಿರೋದು ಏನೂ ಉಪಯೋಗ ಆಗಲಿಲ್ಲ ಅನ್ನೋದೊಂದೇ, ಅದಕ್ಕೇ ಚೀಟಿ ಬೇಕು.

ರಾತ್ರಿ ನಿದ್ದೆ ಬರಲಿ ಬಿಡಲಿ, ಏಳೋ ಹೊತ್ತು ಬದಲಾಯಿಸಬೇಡಿ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ.

ಇದೆಲ್ಲ ಡಾಕ್ಟರಿಗೆ ಬದಲಿ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ಹೀಗೇ ಇದ್ದರೆ ಹೋಗಲೇಬೇಕು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ. ಅವು ಕಮ್ಮಿಯಾದರೂ ಇದೇ ಥರ ಸುಸ್ತು, ಬೇಜಾರು ಇರುತ್ತೆ. ಡಾಕ್ಟರು ಖಿನ್ನತೆಗೆ ಮಾತ್ರೆ ಕೊಟ್ಟರೆ ಅದು ಕೆಲಸ ತೋರಿಸೋಕೆ ಕೆಲವು ವಾರ ಹಿಡಿಯುತ್ತೆ. ಗುಣ ಆಯ್ತು ಅಂತ ನೀವಾಗೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದರೂ ಚೀಟಿ ಗೀಟಿ ಬಿಟ್ಟು ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಹಗಲು ರಾತ್ರಿ ಇರ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ತೋಚದಿದ್ದರೆ ಇಲ್ಲಿ ಬರೆದ ಪ್ರಶ್ನೆಯನ್ನೇ ಅವರಿಗೆ ಓದಿ ಹೇಳಿ.