ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಈಗ ಯಾವ ರೆಕಾರ್ಡಿಂಗ್ ಕೇಳುತ್ತಿದ್ದೀರಿ? ಒಂದೇ ಕೃತಿಗೆ ನೂರಾರು ಇರುವಾಗ ಆರಿಸುವುದು ಹೇಗೆ?

ಸದ್ಯಕ್ಕೆ ನಾಲ್ಕೇ ಕೃತಿಗಳು: ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್, ಶೂಬರ್ಟ್‌ನ ಕೊನೆಯ ಪಿಯಾನೋ ಸೊನಾಟಾ, ಬೀಥೋವನ್‌ನ ಐದನೇ ಸಿಂಫನಿ, ಮತ್ತೆ ಬಾಖ್‌ನದೇ ಒಂಟಿ ಚೆಲ್ಲೋಗೆ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಬರೆದ, ನೃತ್ಯದ ತುಣುಕುಗಳನ್ನು ಪೋಣಿಸಿದ ಸ್ವೀಟ್‌ಗಳು. ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವೂ ಇವುಗಳಲ್ಲೇ ಇದೆ. ಕೃತಿಯ ಹೆಸರು, ಕಲಾವಿದರ ಹೆಸರು ಗೊತ್ತಾದರೆ ಸಾಲದು. ಯಾವ ವರ್ಷದ್ದು, ಸ್ವರಲಿಪಿಯಲ್ಲಿ 'ಮತ್ತೊಮ್ಮೆ ನುಡಿಸು' ಎಂದು ಗುರುತು ಹಾಕಿದ ಕಡೆ ಮತ್ತೊಮ್ಮೆ ನುಡಿಸಿದ್ದಾರೋ ಇಲ್ಲವೋ, ಯಾವ ಪ್ರತಿಯಿಂದ ಸಿಡಿಗೆ ಇಳಿಸಿದ್ದಾರೆ, ಈ ಮೂರನ್ನೂ ನೋಡಬೇಕು. ಟ್ರ್ಯಾಕ್ ಪಕ್ಕದಲ್ಲಿ ಕಾಣುವ ನಿಮಿಷಗಳನ್ನು ನೋಡಿ 'ಇದು ವೇಗ, ಅದು ನಿಧಾನ' ಎಂದು ತೀರ್ಮಾನಿಸುವವರು ಮೋಸ ಹೋಗುವುದು ಎರಡನೆಯದರಲ್ಲಿ.

ಗೋಲ್ಡ್‌ಬರ್ಗ್ ಅಚ್ಚಾದದ್ದು 1741ರಲ್ಲಿ. ಮೊದಲಿಗೆ ಒಂದು ಆರಿಯಾ (ಹಾಡಿನಂಥ ಚಿಕ್ಕ ತುಣುಕು), ಆಮೇಲೆ ಅದನ್ನೇ ಬೇರೆ ಬೇರೆ ರೀತಿ ಬೆಳೆಸುವ 30 ವೇರಿಯೇಷನ್‌ಗಳು, ಕೊನೆಗೆ ಮತ್ತೆ ಅದೇ ಆರಿಯಾ. ಹೊಸಬರು ಪ್ರತಿ ವೇರಿಯೇಷನ್‌ನಲ್ಲೂ ಆರಿಯಾದ ಮೇಲಿನ ಧಾಟಿಯನ್ನು ಹುಡುಕುತ್ತಾರೆ, ಸಿಗದೆ ದಾರಿ ತಪ್ಪುತ್ತಾರೆ. ಬಾಖ್ ಉಳಿಸಿಕೊಂಡದ್ದು ಧಾಟಿಯನ್ನಲ್ಲ, ಎಡಗೈಯಲ್ಲಿ ನಡೆಯುವ, ನಮ್ಮ ತಾಳದ ಆವರ್ತದಂಥ 32 ಬಾರ್‌ಗಳ ಮಂದ್ರದ ಸಾಲನ್ನು ಮತ್ತು ಅದರ ಮೇಲೆ ನಿಂತ ಸ್ವರಮೇಳದ ಕ್ರಮವನ್ನು. ಅದರ ಮೊದಲ ನಾಲ್ಕು ಹೆಜ್ಜೆ ನಮ್ಮ ಲೆಕ್ಕದಲ್ಲಿ ಸ, ನಿ, ದ, ಪ ಎಂದು ಇಳಿಯುತ್ತದೆ. ಆರಿಯಾವನ್ನು ಎರಡು ಮೂರು ಸಲ ಬರೀ ಎಡಗೈಗೆ ಕಿವಿಗೊಟ್ಟು ಕೇಳಿ, ಆಮೇಲೆ ಮುಂದಕ್ಕೆ ಹೋಗಿ. ಮೂರಕ್ಕೊಂದು ವೇರಿಯೇಷನ್ ಕ್ಯಾನನ್, ಅಂದರೆ ಒಂದು ದನಿ ಹೇಳಿದ್ದನ್ನೇ ಇನ್ನೊಂದು ದನಿ ಸ್ವಲ್ಪ ತಡವಾಗಿ ಹಿಂಬಾಲಿಸುವುದು. 3ನೆಯದರಲ್ಲಿ ಎರಡೂ ಒಂದೇ ಸ್ವರದಿಂದ ಹೊರಡುತ್ತವೆ, 6ರಲ್ಲಿ ಒಂದು ಸ್ವರದ ಅಂತರ, ಹೀಗೆ ಪ್ರತಿ ಸಲವೂ ಒಂದೊಂದು ಮೆಟ್ಟಿಲು ಹೆಚ್ಚುತ್ತಾ 27ರ ಹೊತ್ತಿಗೆ ಅಂತರ ಒಂದು ಸ್ಥಾಯಿಯನ್ನೇ ದಾಟಿರುತ್ತದೆ. 15, 21, 25 ಈ ಮೂರು ಮಾತ್ರ ಜಿ ಮೈನರ್ ಎಂಬ ಬೇರೆ ಸ್ವರಶ್ರೇಣಿಯಲ್ಲಿವೆ. ಬಣ್ಣ ಬದಲಾದದ್ದು ಯಾರಿಗಾದರೂ ತಿಳಿಯುತ್ತದೆ, ಹಾಗಾಗಿ ಎಲ್ಲಿದ್ದೇವೆ ಎಂದು ಗುರುತು ಹಿಡಿಯಲು ಇವೇ ಒಳ್ಳೆಯ ಕಲ್ಲುಕಂಬಗಳು.

ಇನ್ನು ಪಿಯಾನೋ ವಾದಕ ಗ್ಲೆನ್ ಗೂಲ್ಡ್‌ನ ಎರಡು ರೆಕಾರ್ಡಿಂಗ್‌ಗಳು, 1955ರದ್ದು ಮತ್ತು 1981ರದ್ದು. ಮೊದಲನೆಯದು ಮೂವತ್ತೆಂಟೂವರೆ ನಿಮಿಷ, ಎರಡನೆಯದು 51 ನಿಮಿಷ. ಇದನ್ನು ನೋಡಿ 'ವಯಸ್ಸಾದ ಮೇಲೆ ನಿಧಾನವಾದ' ಅನ್ನುವುದು ವಾಡಿಕೆ. ಅರ್ಧ ನಿಜ. ಆರಿಯಾ ಎರಡು ನಿಮಿಷಕ್ಕೂ ಕಡಿಮೆ ಇದ್ದದ್ದು ಮೂರು ನಿಮಿಷ ದಾಟಿದೆ, ಸರಿ. ಆದರೆ 1955ರಲ್ಲಿ ಅವನು ಯಾವುದನ್ನೂ ಎರಡನೇ ಸಲ ನುಡಿಸಿರಲಿಲ್ಲ. 1981ರಲ್ಲಿ ಕ್ಯಾನನ್‌ಗಳೂ ಸೇರಿದಂತೆ ಹಲವು ಕಡೆ ಮೊದಲರ್ಧವನ್ನು ಮತ್ತೊಮ್ಮೆ ನುಡಿಸುತ್ತಾನೆ. ಹೆಚ್ಚಾದ ನಿಮಿಷಗಳಲ್ಲಿ ಒಂದು ಪಾಲು ಅಲ್ಲಿಂದ ಬಂದದ್ದು. ಎಲ್ಲಕ್ಕಿಂತ ನಿಧಾನದ 25ನೇ ವೇರಿಯೇಷನ್ ತೆಗೆದುಕೊಳ್ಳಿ: 1955ರಲ್ಲಿ ಸುಮಾರು ಆರೂವರೆ ನಿಮಿಷ, 1981ರಲ್ಲಿ ಆರರ ಆಸುಪಾಸು. ಅಂದರೆ 'ನಿಧಾನದ' ರೆಕಾರ್ಡಿಂಗ್‌ನಲ್ಲಿ ಅದು ಕೊಂಚ ಬೇಗ ಮುಗಿಯುತ್ತದೆ! ನಿಜವಾಗಿ ಬದಲಾದದ್ದು ಕಾಲಪ್ರಮಾಣಗಳ ನಡುವಿನ ಸಂಬಂಧ. 1981ರಲ್ಲಿ ಒಂದು ವೇರಿಯೇಷನ್ ಮುಗಿದಾಗ ಬೆರಳಲ್ಲಿ ಹಾಕುತ್ತಿದ್ದ ತಾಳವನ್ನು ನಿಲ್ಲಿಸದೆ ಮುಂದಿನದಕ್ಕೆ ಒಯ್ಯಿರಿ. ಬಹುತೇಕ ಕಡೆ ಅದೇ ಎಣಿಕೆ, ಅಥವಾ ಅದರ ದುಪ್ಪಟ್ಟು, ಅರ್ಧ, ಇಂಥದೇ ಸರಳ ಅನುಪಾತದಲ್ಲಿ ಹೊಸದು ಕೂತುಕೊಳ್ಳುತ್ತದೆ. 1955ರಲ್ಲಿ ಈ ಪ್ರಯೋಗ ಮಾಡಿದರೆ ತಾಳ ತಪ್ಪುತ್ತದೆ, ಅಲ್ಲಿ ಪ್ರತಿಯೊಂದೂ ತನ್ನದೇ ಓಟ.

ಎರಡರಲ್ಲೂ ಹಿನ್ನೆಲೆಯಲ್ಲಿ ಯಾರೋ ಗುನುಗುವುದು ಕೇಳಿದರೆ ಹೆಡ್‌ಫೋನ್ ಕೆಟ್ಟಿಲ್ಲ, ಅದು ಗೂಲ್ಡ್‌ನದೇ ದನಿ. 1981ರದ್ದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಗಿನ ಡಿಜಿಟಲ್ ಯಂತ್ರದ ಜೊತೆಗೆ ಅನಲಾಗ್ ಟೇಪೂ ಓಡುತ್ತಿತ್ತು. 2002ರಲ್ಲಿ ಎರಡೂ ರೆಕಾರ್ಡಿಂಗ್‌ಗಳನ್ನು ಸೇರಿಸಿ ತಂದ ಸೆಟ್‌ನಲ್ಲಿ ಆ ಅನಲಾಗ್ ಟೇಪನ್ನೇ ಬಳಸಿದ್ದಾರೆ. ಆಯ್ಕೆ ಇದ್ದರೆ ನನ್ನ ಓಟು ಅದಕ್ಕೆ, ಪಿಯಾನೋದ ಮೇಲ್ಸ್ಥಾಯಿ ಅಲ್ಲಿ ಅಷ್ಟು ಚುಚ್ಚುವುದಿಲ್ಲ.

ಆದರೂ ಮೊದಲ ಸಲ ಕೇಳುವವರಿಗೆ ಗೂಲ್ಡ್ ಬೇಡ ಅನ್ನುತ್ತೇನೆ. ಪಿಯಾನೋದಲ್ಲಿ ಮರೆ ಪೆರಾಯಾ 2000ದಲ್ಲಿ ಮಾಡಿದ್ದು, ಅಥವಾ ಆಂಡ್ರಾಶ್ ಶಿಫ್ 2001ರಲ್ಲಿ ಬಾಸೆಲ್‌ನ ಕಛೇರಿಯಲ್ಲಿ ನುಡಿಸಿದ್ದು ಸಿಕ್ಕರೆ ಅವೇ ವಾಸಿ. ಇಬ್ಬರೂ ಪುನರಾವರ್ತನೆಗಳನ್ನು ಬಿಡುವುದಿಲ್ಲ, ಒಟ್ಟು 70 ನಿಮಿಷದ ಮೇಲಾಗುತ್ತದೆ. ಪ್ರತಿ ಅರ್ಧವೂ ಎರಡು ಸಲ ಬರುವುದರಿಂದ ಮೊದಲ ಸಲ ತಪ್ಪಿಹೋದ ಮಂದ್ರದ ಸಾಲು ಎರಡನೇ ಸಲ ಕೈಗೆ ಸಿಗುತ್ತದೆ. ಪಿಯಾನೋಗಿಂತ ಹಳೆಯ, ತಂತಿ ಮೀಟುವ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್‌ನಲ್ಲೂ ಒಂದು ಕೇಳಿ, ಪಿಯೆರ್ ಹಾಂತಾಯ್ ಆಗಬಹುದು. ಹಲವು ವೇರಿಯೇಷನ್‌ಗಳನ್ನು ಬಾಖ್ ಬರೆದದ್ದು ಮೇಲೊಂದು ಕೆಳಗೊಂದು ಎರಡು ಕೀಬೋರ್ಡ್ ಇರುವ ವಾದ್ಯಕ್ಕೆ. ಪಿಯಾನೋದಲ್ಲಿ ಎರಡೂ ಕೈ ಒಂದೇ ಮನೆಗಳ ಮೇಲೆ ಹತ್ತಿಕೊಂಡು ಒದ್ದಾಡುವ ಕಡೆ ಹಾರ್ಪ್ಸಿಕಾರ್ಡ್‌ನಲ್ಲಿ ಎರಡು ದನಿ ಸಲೀಸಾಗಿ ಬೇರೆಯಾಗಿ ಕೇಳುತ್ತವೆ. ಹಳೆ ವಾದ್ಯಗಳ ಶ್ರುತಿ ಹೆಚ್ಚಾಗಿ 415 ಹರ್ಟ್ಸ್, ಈಗಿನ 440ಕ್ಕಿಂತ ಅರ್ಧ ಸ್ವರ ಕೆಳಗೆ. ಪಿಯಾನೋ ಕೇಳಿದ ಕೂಡಲೇ ಇದಕ್ಕೆ ಬಂದರೆ ಅಪಶ್ರುತಿಯ ಹಾಗೆ ಅನ್ನಿಸುವುದಕ್ಕೆ ಕಾರಣ ಅದೇ, ಸ್ವಲ್ಪ ಬಿಟ್ಟು ಕೇಳಿ.

ಶೂಬರ್ಟ್‌ನ ಬಿ ಫ್ಲಾಟ್ ಸೊನಾಟಾ, ಡಿ 960 (ಶೂಬರ್ಟ್ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ). ಅವನು ಸತ್ತ 1828ರಲ್ಲೇ ಮುಗಿಸಿದ್ದು. ಮೊದಲ ಭಾಗದ ಉದ್ದ ನೋಡಿದರೆ ಪಿಯಾನೋ ವಾದಕರಲ್ಲಿ ಬ್ರೆಂಡೆಲ್ ಹದಿನೈದು ನಿಮಿಷದ ಆಸುಪಾಸು, ರಿಕ್ಟರ್‌ನ 1972ರದ್ದು 24 ದಾಟುತ್ತದೆ. ರಿಕ್ಟರ್ ವಿಪರೀತ ನಿಧಾನ, ಅದು ಹೌದು. ಆದರೆ ಬ್ರೆಂಡೆಲ್ ಆರಂಭದ ದೊಡ್ಡ ಖಂಡವನ್ನು ಎರಡನೇ ಸಲ ನುಡಿಸುವುದೇ ಇಲ್ಲ. ಇಲ್ಲಿ ಬಿಟ್ಟರೆ ನಷ್ಟ ಬರೀ ಪುನರುಕ್ತಿಯದಲ್ಲ. ಹಿಂದಕ್ಕೆ ಹೋಗುವ ಮುನ್ನ ಬರುವ ಒಂಬತ್ತು ಬಾರ್‌ಗಳು ಬೇರೆಲ್ಲೂ ಇಲ್ಲ. ಎತ್ತುಗಡೆಯಲ್ಲಿ ಮಂದ್ರದಲ್ಲಿ ಪಿಸುಗುಟ್ಟಿದ ಕಂಪಿತ ಸ್ವರ ಆ ಒಂಬತ್ತು ಬಾರ್‌ಗಳ ಕೊನೆಯಲ್ಲಿ ಒಮ್ಮೆಲೇ ಗುಡುಗುತ್ತದೆ, ಇಡೀ ಸೊನಾಟಾದಲ್ಲಿ ಅದು ಹಾಗೆ ಗುಡುಗುವುದು ಅದೊಂದೇ ಕಡೆ. ಬೇಡವೆಂದು ಬಿಡುವವರ ವಾದವೂ ಇದನ್ನೇ ಹಿಡಿದಿದೆ, ಆ ಗುಡುಗು ಉಳಿದದ್ದಕ್ಕೆ ಹೊಂದುವುದಿಲ್ಲವಂತೆ. ನನಗೆ ಒಪ್ಪಿಗೆಯಿಲ್ಲ. ಮಿತ್ಸುಕೊ ಉಚಿದಾ ಅದನ್ನು ಬಿಡದೆ, ರಿಕ್ಟರ್‌ನಷ್ಟು ಎಳೆಯದೆ ನುಡಿಸುತ್ತಾರೆ. ನಾನು ಹೆಚ್ಚು ಹಾಕುವುದು ಅದನ್ನೇ.

ಬೀಥೋವನ್‌ನ ಐದನೆಯದಕ್ಕೆ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ವೃಂದ ನಿರ್ದೇಶಕ ಕಾರ್ಲೋಸ್ ಕ್ಲೈಬರ್ 1974ರಲ್ಲಿ ಮಾಡಿದ್ದು, ಅದರ ಪಕ್ಕಕ್ಕೆ ಹಳೆ ವಾದ್ಯಗಳ ತಂಡದೊಂದಿಗೆ ಗಾರ್ಡಿನರ್ ಮಾಡಿದ್ದು. ಮೊದಲ ಭಾಗ 502 ಬಾರ್. ಆರಂಭದ 124 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಿದರೆ 626. ಬೀಥೋವನ್ ಕೊಟ್ಟ ಮೆಟ್ರೊನೋಮ್ (ವೇಗ ಅಳೆಯುವ ಯಂತ್ರ) ಗುರುತು ನಿಮಿಷಕ್ಕೆ 108 ಬಾರ್, ಅಂದರೆ ನಿಲುಗಡೆಗಳನ್ನು ಬಿಟ್ಟು ಐದು ಮುಕ್ಕಾಲು ನಿಮಿಷಕ್ಕಿಂತ ತುಸು ಹೆಚ್ಚು. ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ರೆಕಾರ್ಡಿಂಗ್‌ನ ನಿಮಿಷಗಳನ್ನಾದರೂ ಅಳೆಯಬಹುದು.

ಚೆಲ್ಲೋ ಸ್ವೀಟ್‌ಗಳಲ್ಲಿ ಪಾಬ್ಲೊ ಕಸಾಲ್ಸ್ 1936ರಿಂದ 1939ರ ನಡುವೆ ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಮಾಡಿದ್ದು. 78 ಆರ್‌ಪಿಎಂ ತಟ್ಟೆಗಳ ಕಾಲ, ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಇಲ್ಲಿ ಯಾರು ನುಡಿಸಿದ್ದು ಎಂಬುದಕ್ಕಿಂತ ಯಾರು ಇಳಿಸಿದ್ದು ಎಂಬುದು ಮುಖ್ಯ. ಸರಸರ ಸದ್ದನ್ನು ಪೂರ್ತಿ ತೆಗೆದ ಪ್ರತಿಗಳಲ್ಲಿ ಬಿಲ್ಲಿನ ಕಚ್ಚೂ ಹೋಗಿ, ಚೆಲ್ಲೋಗೆ ಕಂಬಳಿ ಹೊದಿಸಿದಂತೆ ಕೇಳುತ್ತದೆ. ಸದ್ದು ಸ್ವಲ್ಪ ಉಳಿಸಿಕೊಂಡ ಪ್ರತಿಯನ್ನೇ ಆರಿಸಿ, ಕೆಲವು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ತಟ್ಟೆ ತಿರುಗಿಸಿದ ವೇಗ ತಪ್ಪಿದ್ದರೆ ಶ್ರುತಿಯೂ ತಪ್ಪುತ್ತದೆ: 78ರ ಬದಲು 80ಕ್ಕೆ ತಿರುಗಿಸಿದರೆ ಹತ್ತಿರ ಹತ್ತಿರ ಕಾಲು ಸ್ವರ ಮೇಲೆ. ಮೊದಲ ಸ್ವೀಟ್‌ನ ಮೊಟ್ಟಮೊದಲ ಸ್ವರ ಚೆಲ್ಲೋದ ಬಿಟ್ಟ ತಂತಿ, 440ರ ಶ್ರುತಿಯಲ್ಲಿ 98 ಹರ್ಟ್ಸ್. ಫೋನಿನ ಟ್ಯೂನರ್ ಹಿಡಿದು ಎರಡು ಪ್ರತಿಗಳನ್ನು ಹೋಲಿಸಿ. ಒಂದು 98ರ ಬಳಿ, ಇನ್ನೊಂದು 100 ದಾಟಿದ್ದರೆ ಯಾವುದನ್ನು ಅನುಮಾನಿಸಬೇಕೆಂದು ಗೊತ್ತಾಯಿತು.

ಕೇಳುವ ಆ್ಯಪ್‌ನಲ್ಲಿ ಮೊದಲೇ ಸರಿಪಡಿಸಬೇಕಾದ್ದು ಕೆಲವಿವೆ. ಕ್ರಾಸ್‌ಫೇಡ್ (ಒಂದು ಟ್ರ್ಯಾಕ್ ಇನ್ನೊಂದರೊಳಗೆ ಕರಗುವುದು) ಸೊನ್ನೆ, ಗ್ಯಾಪ್‌ಲೆಸ್ (ನಡುವೆ ಮೌನ ಬಿಡದೆ ನುಡಿಸುವುದು) ಆನ್, ಷಫಲ್ ಆಫ್. ಐದನೇ ಸಿಂಫನಿಯ ಮೂರನೇ ಭಾಗದ ಕೊನೆಯಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿ ಮೆಲ್ಲಗೆ ಬಡಿಯುತ್ತಾ, ಏರುತ್ತಾ ನಿಲ್ಲದೆ ನಾಲ್ಕನೆಯದಕ್ಕೆ ನುಗ್ಗುತ್ತದೆ. ಅಲ್ಲಿ ಅರ್ಧ ಸೆಕೆಂಡಿನ ಮೌನ ಬಿದ್ದರೂ ಇಡೀ ಏರಿಕೆ ವ್ಯರ್ಥ. ವಾಲ್ಯೂಮ್ ನಾರ್ಮಲೈಸೇಷನ್ ಆಫ್ ಇರಲಿ, ಇಲ್ಲವೆಂದರೆ ಆಲ್ಬಮ್ ಮಟ್ಟದಲ್ಲಿರಲಿ. ಟ್ರ್ಯಾಕ್ ಮಟ್ಟದಲ್ಲಿಟ್ಟರೆ ಮೆಲುದನಿಯ ಭಾಗವೂ ಅಬ್ಬರದ ಭಾಗವೂ ಒಂದೇ ಎತ್ತರಕ್ಕೆ ಬಂದು ಕೂರುತ್ತವೆ. ವಾಲ್ಯೂಮನ್ನು ಕೃತಿಯ ಎತ್ತುಗಡೆಗೆ ಹೊಂದಿಸಬೇಡಿ, ಅತಿ ಜೋರಿನ ಜಾಗ ಹುಡುಕಿ ಅಲ್ಲಿಗೆ ಹೊಂದಿಸಿ. ಡಿ 960ರಲ್ಲಿ ಆ ಗುಡುಗಿನ ಜಾಗವೇ ಸಾಕು.

ಹುಡುಕುವಾಗ ಕೃತಿಯ ಹೆಸರಿಗಿಂತ ಕ್ರಮಸಂಖ್ಯೆ ಮತ್ತು ಕಲಾವಿದರ ಮನೆತನದ ಹೆಸರು ಕೊಡಿ: ಗೋಲ್ಡ್‌ಬರ್ಗ್‌ಗೆ ಬಾಖ್ ಕೃತಿಗಳ ಪಟ್ಟಿಯ ಬಿಡಬ್ಲ್ಯೂವಿ 988, ಚೆಲ್ಲೋ ಸ್ವೀಟ್‌ಗಳಿಗೆ 1007ರಿಂದ 1012, ಐದನೇ ಸಿಂಫನಿಗೆ ಓಪಸ್ 67. ಆಲ್ಬಮ್ ಪಕ್ಕದ ವರ್ಷ ಹೆಚ್ಚಿನ ಸಲ ಮರುಬಿಡುಗಡೆಯದ್ದು, ರೆಕಾರ್ಡ್ ಮಾಡಿದ ವರ್ಷವಲ್ಲ. ಗೂಲ್ಡ್‌ನ ವಿಷಯದಲ್ಲಿ ಅದನ್ನು ನಂಬುವುದೇ ಬೇಡ. ಮೊದಲ ಆರಿಯಾದ ಟ್ರ್ಯಾಕ್ ಎರಡು ನಿಮಿಷದೊಳಗಿದ್ದರೆ 1955, ಮೂರು ದಾಟಿದ್ದರೆ 1981.