ಹುಬ್ಬಳ್ಳಿ ದೊಡ್ಡದೋ, ಮೈಸೂರು ದೊಡ್ಡದೋ?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲ ಜನಗಣತಿ ಮತ್ತು ಊರುಗಳ ಲೆಕ್ಕ.

ಪ್ರಶ್ನೆ: ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ನಗರ ಹುಬ್ಬಳ್ಳಿ-ಧಾರವಾಡ ಎಂದೇ ನಾವು ಓದಿದ್ದು. ಮೈಸೂರಿನ ಬೀಗರು ಒಪ್ಪುವುದಿಲ್ಲ. ಅವರೂ 2011ರ ಜನಗಣತಿಯನ್ನೇ ತೋರಿಸುತ್ತಾರೆ. ಒಂದೇ ಗಣತಿಯಲ್ಲಿ ಎರಡು ಉತ್ತರ ಹೇಗೆ ಬಂತು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಇಬ್ಬರ ಕೈಯಲ್ಲಿರುವ ಅಂಕಿಯೂ ಸರಿಯೇ. ಆದರೆ ನೀವು ಓದುತ್ತಿರುವ ಸಾಲು ಬೇರೆ, ಅವರು ಓದುತ್ತಿರುವ ಸಾಲು ಬೇರೆ.

2011ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಜನಸಂಖ್ಯೆ 9,43,788. ಮೈಸೂರು ಪಾಲಿಕೆ, ಅದಕ್ಕೆ ಅಂಟಿದ ಔಟ್‌ಗ್ರೋತ್ (ಗಡಿಯ ಹೊರಗೆ ಚಾಚಿದ ನಗರದ ಭಾಗ) ಸೇರಿ 9,20,550. ಇಲ್ಲಿ ಗೆಲುವು ನಿಮ್ಮದು. ಆದರೆ ಗಣತಿಯವರು ಇನ್ನೊಂದು ಲೆಕ್ಕವನ್ನೂ ಇಡುತ್ತಾರೆ, ಅದು ‘ಅರ್ಬನ್ ಅಗ್ಲೋಮರೇಶನ್’, ಅಂದರೆ ನಗರ ಸಮೂಹ. ಪಾಲಿಕೆಯ ಗಡಿಗೆ ಹೊಂದಿಕೊಂಡು ಬೆಳೆದ ಸಣ್ಣ ಪಟ್ಟಣಗಳು, ಬಡಾವಣೆಗಳು ಎಲ್ಲ ಇದರೊಳಗೆ ಬರುತ್ತವೆ. ಈ ಸಾಲಿನಲ್ಲಿ ಮೈಸೂರಿನ ಅಂಕಿ 9,90,900. ಹುಬ್ಬಳ್ಳಿ-ಧಾರವಾಡಕ್ಕೆ ಇಂಥ ಸಾಲೇ ಇಲ್ಲ, ಪಾಲಿಕೆಯ ಅಂಕಿಯೇ ಕೊನೆ. 1962ರಲ್ಲೇ ಎರಡು ಊರುಗಳನ್ನು ಒಂದು ಪಾಲಿಕೆ ಮಾಡಿದ್ದರಿಂದ ನಡುವಿನ ಇಪ್ಪತ್ತು ಕಿಲೋಮೀಟರ್ ಹಾದಿಯ ಹಳ್ಳಿಗಳೂ ಬಡಾವಣೆಗಳೂ ಆಗಲೇ ಪಾಲಿಕೆಯ ಹೊಟ್ಟೆಯೊಳಗಿವೆ. ಮೈಸೂರಿನ ಬೆಳವಣಿಗೆ ಬೇಲಿಯಾಚೆ ಆಯಿತು, ನಿಮ್ಮದು ಬೇಲಿಯೊಳಗೇ ಆಯಿತು.

ಈ ಆಟ ಇವೆರಡು ಊರಿಗಷ್ಟೇ ಅಲ್ಲ. ಪಾಲಿಕೆ ಗಡಿಯೊಳಗೆ ಎಣಿಸಿದರೆ ಕಲಬುರಗಿ 5.3 ಲಕ್ಷ, ಮಂಗಳೂರು ಮತ್ತು ಬೆಳಗಾವಿ ಎರಡೂ 4.9 ಲಕ್ಷದ ಆಸುಪಾಸು. ಸಮೂಹದ ಲೆಕ್ಕಕ್ಕೆ ಬಂದರೆ ಮಂಗಳೂರು 6.2 ಲಕ್ಷ, ಬೆಳಗಾವಿ 6.1 ಲಕ್ಷ, ಕಲಬುರಗಿ 5.4 ಲಕ್ಷ. ಮೊದಲಿದ್ದ ಊರು ಮೂರನೆಯದಾಯಿತು. ಉಳ್ಳಾಲ ಮಂಗಳೂರಿನ ಲೆಕ್ಕಕ್ಕೆ, ದಂಡುಪ್ರದೇಶ ಬೆಳಗಾವಿಯ ಲೆಕ್ಕಕ್ಕೆ ಸೇರಿದ್ದು ಇದಕ್ಕೊಂದು ಕಾರಣ.

ಇನ್ನೊಂದು ಮಾತು. ಗಣತಿ ಮುಗಿದ ಮೇಲೆ ಆಯ್ದ ಬ್ಲಾಕ್‌ಗಳಲ್ಲಿ ಮತ್ತೆ ಎಣಿಸಿ ತಾಳೆ ನೋಡುತ್ತಾರೆ. 2011ರ ತಾಳೆಯಲ್ಲಿ ದೇಶದ ಮಟ್ಟದಲ್ಲಿ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದರು. ಅದು ದೇಶದ ಸರಾಸರಿ, ಯಾವ ಒಂದು ಊರಿಗೂ ನೇರ ಹಚ್ಚುವಂತಿಲ್ಲ. ಆದರೂ ಅಂದಾಜಿಗೆ ಹಚ್ಚಿ ನೋಡಿ: 9.4 ಲಕ್ಷದ ಊರಿನಲ್ಲಿ ಬಿಟ್ಟುಹೋಗುವವರು 21–22 ಸಾವಿರ. ಪಾಲಿಕೆ ಲೆಕ್ಕದಲ್ಲಿ ನಿಮಗೂ ಮೈಸೂರಿಗೂ ಇರುವ ಅಂತರ 23,238. ಇಷ್ಟಕ್ಕೆ ಬೀಗರ ಜೊತೆ ಮಾತು ಬಿಡಬೇಕೇ?

ಪ್ರಶ್ನೆ: ಹತ್ತು ವರ್ಷದಲ್ಲಿ ಶೇ 24 ಬೆಳವಣಿಗೆ ಎಂದರೆ ವರ್ಷಕ್ಕೆ ಶೇ 2.4 ಅಲ್ಲವೇ? ಈಗಿನ ಜನಸಂಖ್ಯೆಯನ್ನು ನಾವೇ ಲೆಕ್ಕ ಹಾಕಬಹುದೇ? (ಕುವೆಂಪುನಗರ, ಮೈಸೂರು)

ಉತ್ತರ: ಅಲ್ಲ. ಇದು ಚಕ್ರಬಡ್ಡಿಯ ಲೆಕ್ಕ, ಹತ್ತರಿಂದ ಭಾಗಿಸಿದರೆ ಹೆಚ್ಚಾಗಿ ಕಾಣುತ್ತದೆ. ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಅಡ್ಡ ಮಾಡಿ ಹಿಡಿಯಿರಿ, ಘಾತದ ಗುಂಡಿ ಸಿಗುತ್ತದೆ. ಮೈಸೂರು ಸಮೂಹ 2001ರಲ್ಲಿ 7,99,228. ಹೊಸದನ್ನು ಹಳೆಯದರಿಂದ ಭಾಗಿಸಿದರೆ 1.2398. ಅದರ 0.1 ಘಾತ 1.0217. ಒಂದನ್ನು ಕಳೆದರೆ ವರ್ಷಕ್ಕೆ ಶೇ 2.17. ಹುಬ್ಬಳ್ಳಿ-ಧಾರವಾಡ 7,86,195ರಿಂದ ಏರಿದ್ದು, ಇದೇ ದಾರಿಯಲ್ಲಿ ಶೇ 1.84 ಬರುತ್ತದೆ.

ಇದೇ ದರ 2027ರವರೆಗೆ ಎಳೆದರೆ ಮೈಸೂರು ಸಮೂಹ 14 ಲಕ್ಷದ ಹತ್ತಿರ, ಹುಬ್ಬಳ್ಳಿ-ಧಾರವಾಡ 12.6 ಲಕ್ಷ. ಗೋಡೆಗೆ ಬರೆದಿಡಬೇಡಿ. ರಾಜ್ಯದ ದಶಕದ ಬೆಳವಣಿಗೆಯೇ 1991–2001ರಲ್ಲಿ ಶೇ 17.5 ಇದ್ದದ್ದು ಮುಂದಿನ ದಶಕದಲ್ಲಿ ಶೇ 15.6ಕ್ಕೆ ಇಳಿಯಿತು. ಒಬ್ಬ ತಾಯಿಗೆ ಸರಾಸರಿ ಮಕ್ಕಳು 1.7 ಎಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇನ್ನು ಊರು ಬೆಳೆಯುವುದು ಹೆಚ್ಚಾಗಿ ವಲಸೆಯಿಂದ, ಗಡಿ ಹಿಗ್ಗುವುದರಿಂದ. ಇವೆರಡೂ ಘಾತದ ಗುಂಡಿಗೆ ಗೊತ್ತಿಲ್ಲ. ‘ಈ ವರ್ಷದ ಜನಸಂಖ್ಯೆ’ ಎಂದು ಅಂತರ್ಜಾಲದಲ್ಲಿ ಕೊನೆಯ ಅಂಕೆಯವರೆಗೂ ತೋರಿಸುತ್ತಾರಲ್ಲ, 2011ರ ನಂತರ ಜನಗಣತಿಯ ತಲೆ ಎಣಿಕೆ ನಡೆದಿಲ್ಲ, ಅದೂ ಇಂಥದೇ ಎಳೆತ.

ಸಮೂಹದ ದರದಲ್ಲಿ ಒಂದು ಗೂಢವಿದೆ. 2001ರ ಮೈಸೂರು ಸಮೂಹಕ್ಕೂ 2011ರದಕ್ಕೂ ಹೆಸರು ಒಂದೇ, ಒಳಗಿನ ಊರುಗಳು ಒಂದೇ ಆಗಿರಬೇಕೆಂದಿಲ್ಲ. ಹೊಸ ಹಳ್ಳಿ ಸೇರಿದರೆ ಅಲ್ಲಿನ ಅಷ್ಟೂ ಜನ ಒಂದೇ ಏಟಿಗೆ ‘ಬೆಳವಣಿಗೆ’ ಆಗಿಬಿಡುತ್ತಾರೆ. 2011ರ ನಂತರ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಮುಂದಿನ ಅಂಕಿ ಬಂದಾಗ ಇವು ಯಾವ ಸಾಲಿನಲ್ಲಿವೆ ಎಂದು ಮೊದಲು ನೋಡಿ.

ಪ್ರಶ್ನೆ: ಊರಿನ ಸಂಖ್ಯೆ ಹೆಚ್ಚಾದರೆ ಹೆಮ್ಮೆ ಬಿಟ್ಟು ಬೇರೇನು ಸಿಗುತ್ತದೆ? (ದಾವಣಗೆರೆ)

ಉತ್ತರ: ದುಡ್ಡು. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ 5 ಲಕ್ಷ ದಾಟಿದ ನಗರ ‘ವೈ’ ವರ್ಗ, ಅದಕ್ಕಿಂತ ಕೆಳಗೆ ‘ಝಡ್’. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ವೈ ನಗರಕ್ಕೆ ಮೂಲವೇತನದ ಶೇ 20, ಝಡ್‌ಗೆ ಶೇ 10. ಮೂಲವೇತನ 40,000 ಇದ್ದವರಿಗೆ ತಿಂಗಳಿಗೆ 4,000 ರೂಪಾಯಿ ವ್ಯತ್ಯಾಸ. 2011ರ ಗಣತಿಯ ಬಲದಿಂದ ಕಲಬುರಗಿ 2015ರಲ್ಲಿ ವೈ ಆಯಿತು. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ ಮೊದಲೇ ಇದ್ದವು. ನಿಮ್ಮ ದಾವಣಗೆರೆ 4.35 ಲಕ್ಷಕ್ಕೆ, ಬಳ್ಳಾರಿ 4.1 ಲಕ್ಷಕ್ಕೆ ನಿಂತವು. ಮುಂದಿನ ಗಣತಿಯಲ್ಲಿ ಎರಡೂ ದಾಟುವ ಲಕ್ಷಣವಿದೆ, ಆದರೆ ಅಂಕಿ ಬಂದೊಡನೆ ಭತ್ಯೆ ಏರುವುದಿಲ್ಲ, ಹಣಕಾಸು ಸಚಿವಾಲಯದ ಆದೇಶ ಬರಬೇಕು.

ಮೈಸೂರಿನವರ ಹೊಟ್ಟೆಯುರಿ ಇನ್ನೂ ದೊಡ್ಡದು. 15ನೇ ಹಣಕಾಸು ಆಯೋಗ ಹತ್ತು ಲಕ್ಷ ದಾಟಿದ ನಗರ ಸಮೂಹಗಳಿಗೆ ಬೇರೆಯೇ ಅನುದಾನದ ಪಟ್ಟಿ ಮಾಡಿತು. ಕರ್ನಾಟಕದಿಂದ ಬೆಂಗಳೂರು ಒಂದೇ ಸೇರಿತು. ಮೈಸೂರಿಗೆ ಕಡಿಮೆ ಬಿದ್ದದ್ದು 9,100 ತಲೆ.

ಪ್ರಶ್ನೆ: ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯಾದರೆ ನಾವು ಪಟ್ಟಿಯಲ್ಲಿ ಕೆಳಗೆ ಇಳಿಯುತ್ತೇವಲ್ಲವೇ? (ಸಪ್ತಾಪುರ, ಧಾರವಾಡ)

ಉತ್ತರ: ಪಾಲಿಕೆಗಳ ಸಾಲಿನಲ್ಲಿ ಇಳಿಯುತ್ತೀರಿ, ಎರಡೂ ಊರಿನವರು. 2025ರ ಜನವರಿಯಲ್ಲಿ ಸಚಿವ ಸಂಪುಟ ಪ್ರತ್ಯೇಕ ಪಾಲಿಕೆಗೆ ಒಪ್ಪಿತು. ಆದರೆ ನಿರಂತರವಾಗಿ ಹಬ್ಬಿದ ಎರಡು ಪಟ್ಟಣಗಳನ್ನು ಒಂದೇ ಸಮೂಹವೆಂದು ಎಣಿಸಲು ಗಣತಿಯ ನಿಯಮದಲ್ಲಿ ಅವಕಾಶವಿದೆ. ಪಾಲಿಕೆಯಲ್ಲಿ ಬೇರೆಯಾದವರು ಆ ಪುಟದಲ್ಲಿ ಮತ್ತೆ ಒಂದಾಗಬಹುದು.

ಪ್ರಶ್ನೆ: ಕಳೆದ ಸಲ ನಮ್ಮ ಬೀದಿಯ ಎಷ್ಟೋ ಮನೆಗಳಿಗೆ ಗಣತಿಯವರು ಬರಲೇ ಇಲ್ಲ. ಹೀಗೇಕಾಗುತ್ತದೆ? ಹಾಸ್ಟೆಲ್‌ನಲ್ಲಿರುವ ಮಗನನ್ನು ಎಲ್ಲಿ ಬರೆಸಬೇಕು? (ಕದ್ರಿ, ಮಂಗಳೂರು)

ಉತ್ತರ: ಒಬ್ಬ ಗಣತಿದಾರರಿಗೆ 700–800 ಜನರ ಒಂದು ಬ್ಲಾಕ್ ಕೊಡುತ್ತಾರೆ. ಮೊದಲು ನಕ್ಷೆ: ಪಕ್ಕಾ ಕಟ್ಟಡಕ್ಕೆ ಚೌಕ, ಕಚ್ಚಾ ಕಟ್ಟಡಕ್ಕೆ ತ್ರಿಕೋನ, ವಾಸವಿಲ್ಲದ ಕಟ್ಟಡವಾದರೆ ಒಳಗೆ ಗೆರೆ ತುಂಬುವುದು. ಕಟ್ಟಡಕ್ಕೊಂದು ಸಂಖ್ಯೆ, ಅದರೊಳಗಿನ ಮನೆಗಳಿಗೆ 12(1), 12(2), 12(3) ಹೀಗೆ. ತಪ್ಪುವುದು ಈ ಕಂಸದೊಳಗಿನ ಸಂಖ್ಯೆಯಲ್ಲೇ. ನೆಲಮಹಡಿಯ ಮಾಲೀಕರು ‘ನಾವು ನಾಲ್ಕೇ ಜನ’ ಎಂದರೆ ಮುಗಿಯಿತು. ಮೇಲೆ ನೀರಿನ ಟ್ಯಾಂಕ್ ಪಕ್ಕದ ಶೀಟಿನ ಕೋಣೆಯಲ್ಲಿರುವ ಬಾಡಿಗೆದಾರರು 12(2) ಆಗುವುದೇ ಇಲ್ಲ. ಎರಡನೆಯದು ಗಡಿಬೀದಿ: ಎಡಬದಿ ಒಬ್ಬರ ಬ್ಲಾಕ್, ಬಲಬದಿ ಇನ್ನೊಬ್ಬರದು. ಮೂಲೆಯ ಮನೆಯನ್ನು ಇಬ್ಬರೂ ಬಿಡುತ್ತಾರೆ, ಇಲ್ಲವೇ ಇಬ್ಬರೂ ಬರೆಯುತ್ತಾರೆ. ಮೂರನೆಯದು ಬೀಗ. ಹಗಲು ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಸಂಜೆ ಮತ್ತೆ ಬರಬೇಕು. ಆರು ಗಣತಿದಾರರಿಗೆ ಒಬ್ಬ ಮೇಲ್ವಿಚಾರಕರಿರುತ್ತಾರೆ, ಬಿಟ್ಟುಹೋದರೆ ಹೇಳಬೇಕಾದ್ದು ಅವರಿಗೆ.

ಈ ಸಲ ಮೊಬೈಲ್ ಆ್ಯಪ್, ಜೊತೆಗೆ ಸ್ವಯಂ ಗಣತಿಯ ಪೋರ್ಟಲ್. ನೀವೇ ತುಂಬಿದರೆ ಒಂದು ಗುರುತಿನ ಸಂಖ್ಯೆ ಬರುತ್ತದೆ, ಗಣತಿದಾರರು ಬಂದಾಗ ಅದನ್ನು ಕೊಡಬೇಕು. ತುಂಬಿದ್ದೇವಲ್ಲ ಎಂದು ಬಾಗಿಲಿನಿಂದ ಕಳಿಸಿಬಿಟ್ಟರೆ ನಿಮ್ಮ ಮಾಹಿತಿ ಬ್ಲಾಕ್‌ಗೆ ಕೂಡಿಕೊಳ್ಳುವುದು ಕಷ್ಟ.

ತಲೆ ಎಣಿಕೆ 2027ರ ಫೆಬ್ರುವರಿಯಲ್ಲಿ, ಲೆಕ್ಕದ ಕ್ಷಣ ಮಾರ್ಚ್ 1ರ ಮಧ್ಯರಾತ್ರಿ 00:00. ಮಗ ಹಾಸ್ಟೆಲ್‌ನಲ್ಲಿ ಇದ್ದು ಓದುವವನಾದರೆ ಅಲ್ಲಿಯೇ ಬರೆಸಲಿ, ‘ಸಾಂಸ್ಥಿಕ ಕುಟುಂಬ’ ಎಂದು ಹಾಸ್ಟೆಲ್‌ಗೇ ಬೇರೆ ದಾಖಲೆ ಇರುತ್ತದೆ. ಪ್ರೀತಿಗೆ ಮನೆಯಲ್ಲೂ ಬರೆಸಿದರೆ ಒಬ್ಬ ಹುಡುಗ ಎರಡು ಊರಿನಲ್ಲಿ ಇದ್ದಂತಾಗುತ್ತದೆ.

ಪ್ರಶ್ನೆ: ಸರಿಯಾದ ಅಂಕಿ ಎಲ್ಲಿ ನೋಡಬೇಕು? (ಶಹಾಪುರ, ಬೆಳಗಾವಿ)

ಉತ್ತರ: ಜನಗಣತಿ ಇಲಾಖೆಯ ಜಾಲತಾಣದಲ್ಲಿ ಎ-4 ಪಟ್ಟಿ ಇಳಿಸಿಕೊಳ್ಳಿ. ಪಟ್ಟಣಗಳ ಜನಸಂಖ್ಯೆ 1901ರಿಂದ ಸಾಲಾಗಿ ಇದೆ. ಹೆಸರಿನ ಮುಂದೆ ಯುಎ ಎಂದಿದ್ದರೆ ಸಮೂಹ, ಎಂ ಕಾರ್ಪ್ ಎಂದಿದ್ದರೆ ಪಾಲಿಕೆ, ಒಜಿ ಔಟ್‌ಗ್ರೋತ್, ಸಿಟಿ ಎಂದರೆ ನಗರವಲ್ಲ, ‘ಸೆನ್ಸಸ್ ಟೌನ್’: ಪಂಚಾಯಿತಿ ಆಡಳಿತವಿದ್ದೂ 5,000 ಜನ, ಚದರ ಕಿಲೋಮೀಟರ್‌ಗೆ 400 ಜನದಟ್ಟಣೆ, ದುಡಿಯುವ ಗಂಡಸರಲ್ಲಿ ಶೇ 75 ಕೃಷಿಯೇತರ ಕೆಲಸದಲ್ಲಿರುವ ಊರು. ಗಡಿ ಬದಲಾದದ್ದು ಅಡಿಟಿಪ್ಪಣಿಯಲ್ಲಿರುತ್ತದೆ. ವಾರ್ಡ್ ಮಟ್ಟದ ಅಂಕಿಗೆ ಜಿಲ್ಲಾ ಜನಗಣತಿ ಕೈಪಿಡಿ ತೆರೆಯಿರಿ. ‘ತಾತ್ಕಾಲಿಕ’ ಎಂದಿರುವ ಕಡತವನ್ನು ಮಾತ್ರ ಬಳಸಬೇಡಿ. ಮೈಸೂರು ಸಮೂಹ ಅದರಲ್ಲಿ 9,83,893 ಇದ್ದದ್ದು ಅಂತಿಮ ಪಟ್ಟಿಯಲ್ಲಿ ಏಳು ಸಾವಿರ ಏರಿತ್ತು.